ತಪ್ಪು ನಮ್ಮ ಬೆರಳಿಂದಲ್ಲ

ಈ ಸಲ ಅಡಿಗಿ ಸುದ್ದಿ ಇಲ್ಲ, ಹಬ್ಬದ ಸುದ್ದೀನೂ ಇಲ್ಲ. ಈ ಸಲ ನಾ ಜಗಳಕ್ಕ ಕೂತೇನಿ. ನಿಮ್ಮ ಯಾರ ಜೋಡೀನೂ ಅಲ್ಲ, ಕಂಪ್ಯೂಟರ್ ಜೋಡಿ. ಇನ್ನೂ ಖರೇ ಹೇಳ್ಬೇಕಂದ್ರ ಅದನ್ನ ಹಿಂಗ ಮಾಡಿಟ್ಟವರ ಜೋಡಿ.

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತಲಾ, ಆವಾಗಿಂದ ನಮ್ಮ ಓಣ್ಯಾಗ, ಬಳಗದಾಗ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ಸಿಕೊಂಡವರು ಮೂರ್ನಾಲ್ಕು ಮಂದಿ ಆಗ್ಯಾರ. ನಮ್ಮ ಮನ್ಯಾಗೂ ಲಿನಕ್ಸ್ ಮಿಂಟ್ ಬಂದದ. "ವೈನೀ, ಛಲೋ ಅದನೋ ಇಲ್ಲೋ, ನಾವೂ ಹಾಕ್ಸೋಣೇನು?" ಅಂತ ಎಲ್ಲಾರೂ ನನ್ನನ್ನ ಕೇಳ್ತೀರಿ. ಛಲೋ ಅದರಿ. ರೊಕ್ಕ ಇಲ್ಲ, ಹಳೇ ಮಷೀನ್ ಹಗುರಾಗಿ ಓಡ್ತದ, ಕನ್ನಡ ಬರೀಲಿಕ್ಕೆ ಬರ್ತದ. ಹಾಕ್ಸಿಕೋರಿ. ಆದ್ರ ಹಾಕ್ಸಿಕೊಳ್ಳೋ ಮದ್ಲ ಒಂದು ಮಾತು ಕೇಳ್ರಿ. ಯಾಕಂದ್ರ ಹೋದ ಶ್ರಾವಣದಾಗ ನನಗ ಆದದ್ದು ನಿಮಗ ಆಗಬಾರದು.

ಏನಾತು ಅಂತ ನಿಮ್ಮೊಳಗ ಅರ್ಧಾ ಮಂದಿಗೆ ಗೊತ್ತದ. ಆ ಗುಂಪಿನ್ಯಾಗ ನೀವೂ ಇದ್ರಿ. ಗೊತ್ತಿಲ್ಲದವರಿಗೆ ಹೇಳ್ತೇನಿ.

ಅವ್ವನ ತಪಾಸಣಿ ರಿಪೋರ್ಟ್ ಬಂದಿತ್ತು. ಡಾಕ್ಟರು ನಮಗ ಹೇಳಿದ್ದು ಅವ್ವಗ ಇನ್ನೂ ಹೇಳಿರ್ಲಿಲ್ಲ. ಹಬ್ಬ ಮುಗೀಲಿ, ಎಲ್ಲಾರೂ ಕೂಡಿ ಕೂತು ಹೇಳೋಣ ಅಂತ ನಾವು ಅಕ್ಕ-ತಂಗ್ಯಾರು ಮಾತಾಡ್ಕೊಂಡಿದ್ವಿ. ಅಕ್ಕಗ ಎಲ್ಲಾ ವಿವರವಾಗಿ ಬರೀಬೇಕು ಅಂತ ಮಧ್ಯಾಹ್ನ ಮೇಲ್ ತಗದು ಕೂತೆ. ರಿಪೋರ್ಟಿಂದು ಫೋಟೋ ಚಾಟ್ ಅಪ್ಲಿಕೇಶನ್ನಿನ್ಯಾಗ ಇತ್ತು, ಅದನ್ನೂ ಒತ್ತಿದೆ. ಅದು ತಗೀಲಿಲ್ಲ. ಸುಮ್ನ ತಿರಗ್ಲಿಕ್ಕೆ ಹತ್ತಿತು. ಹಳೇ ಮಷೀನು, ಹೊತ್ತು ಹಿಡೀತದ. ಬರೋತನಕ ಬರ್ಯೋಣಂತ ಮತ್ತ ಮೇಲಿಗೆ ಬಂದು ಬರೀಲಿಕ್ಕೆ ಶುರು ಮಾಡಿದೆ. ನಾ ಕೀಲಿ ನೋಡ್ಕೋತ ಹೊಡಿಯಾಕಿ, ಸ್ಕ್ರೀನ್ ನೋಡ್ಕೋತ ಅಲ್ಲ. ಮೂರು ಸಾಲು ಆತು, ಎಂಟರ್ ಹೊಡ್ದೆ, ಮತ್ತ ಎರಡು ಸಾಲು, ಮತ್ತ ಎಂಟರ್. ತಲಿ ಎತ್ತಿ ನೋಡಿದ್ರ ನನ್ನ ಮುಂದ ಮೇಲ್ ಇಲ್ಲ. ನಾ ಕೆಳಗ ನೋಡ್ಕೋತ ಇದ್ದಾಗ ಚಾಟ್ ಬಂದು ಮ್ಯಾಲೆ ಕೂತದ, ಕೊನೀಗೆ ತಗದಿದ್ದ ನಮ್ಮ ಮನೆತನದ ಗುಂಪು ತಗದದ, ಕರ್ಸರ್ ಅಲ್ಲೇ ಮಿಣುಕ್ತದ. "ಅವ್ವಗ ಇನ್ನೂ ಹೇಳಿಲ್ಲ" ಅನ್ನೋ ಸಾಲು ನಲವತ್ತು ಮಂದಿ ಗುಂಪಿಗೆ ಹೋಗಿ ಕೂತದ. ಆ ಗುಂಪಿನ್ಯಾಗ ಅವ್ವನೂ ಇದ್ದಾಳ.

ಅಳಸಿದೆ. ಆದ್ರ ಅಳಸೋದ್ರೊಳಗ ಆಗೋದು ಆಗಿ ಹೋಗಿತ್ತು. ಅವ್ವ ಎರಡು ದಿನ ನನ್ನ ಜೋಡಿ ಮಾತಾಡ್ಲಿಲ್ಲ. ಮೂರನೇ ದಿನ ಒಂದೇ ಮಾತು ಅಂದ್ಲು: "ಊರಿಗೆಲ್ಲಾ ಹೇಳೋ ಮದ್ಲ ನನಗ ಹೇಳ್ಬೇಕಿತ್ತಲ್ಲವಾ." ಈಗ ಗುಳಗಿ ನಡದಾವ, ಅವ್ವ ಆರಾಮ ಇದ್ದಾಳ, ದೇವರ ದಯಾ. ಅವ್ವಗ ಮದ್ಲೇ ಹೇಳದೇ ಇದ್ದದ್ದು ತಪ್ಪಾತು, ಅದು ನಮ್ಮ ತಪ್ಪು, ಒಪ್ಗೋತೇನಿ. ಆದ್ರ ಗುಂಪಿಗೆ ಹೋದದ್ದು ನನ್ನ ತಪ್ಪಲ್ಲ. ಇವತ್ತಿನ ಜಗಳ ಅದ್ರದ್ದು.

ಯಾಕಂದ್ರ ಅವತ್ತಿಂದ ಇವತ್ತಿನ ತನಕ ಎಲ್ಲಾರೂ ನನಗ ಒಂದೇ ಮಾತು ಅಂದೀರಿ. "ನೋಡ್ಕೊಂಡು ಹೊಡೀಬಾರ್ದೇನು?" ಮನ್ಯಾಗ ಅಂದ್ರು, "ನಿನಗ್ಯಾಕ ಬೇಕಿತ್ತು ಕಂಪ್ಯೂಟರ್, ಫೋನಿನ್ಯಾಗ ಮಾತಾಡಿದ್ರ ಮುಗೀತಿತ್ತು" ಅಂತ. ನೆಗೆಣ್ಣಿ ಅಂದ್ಲು, "ನಮ್ಮ ವಯಸ್ಸಿಗೆ ಇವೆಲ್ಲಾ ಒಗ್ಗೋದಿಲ್ಲ ಬಿಡ್ರಿ." ನಾನೂ ಒಂದು ತಿಂಗಳು ಹಂಗೇ ಅನ್ಕೊಂಡು ಕಂಪ್ಯೂಟರಿಗೆ ಅರಿವಿ ಹೊಚ್ಚಿ ಇಟ್ಟಿದ್ದೆ. ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸ ಮಾಡೋ ಅಣ್ಣನ ಮಗ ದೀಪಾವಳಿಗೆ ಬಂದಾಗ ಕೇಳಿದೆ, "ನಾ ಏನು ಒತ್ತಿದ್ದಕ್ಕ ಹಂಗಾತೋ?" ಅಂತ. ಅಂವ ನಕ್ಕ. "ಅತ್ತೀ, ನೀ ಏನೂ ಒತ್ತಿಲ್ಲ. ಅದಕ್ಕ ಒಂದು ಹೆಸರೇ ಅದ. ಫೋಕಸ್ ಸ್ಟೀಲಿಂಗ್ ಅಂತಾರ. ಭಾಳ ವರ್ಷದ ಹಳೇ ರೋಗ."

ಹೆಸರಿಟ್ಟಾರ ನೋಡ್ರಿ. ಕಳವು ಅಂತ ಅವರೇ ಹೆಸರಿಟ್ಟಾರ. ಕಳವಾದ ಮನಿಯಾಕಿಗೆ "ನೋಡ್ಕೊಂಡು ಕೂಡಬಾರ್ದೇನು" ಅಂತಾರ.

ಫೋಕಸ್ ಅಂದ್ರ ಏನು ಅಂತ ಅಂವ ನನಗ ಹೇಳಿದಂಗ ನಿಮಗ ಹೇಳ್ತೇನಿ. ಸ್ಕ್ರೀನ್ ಮ್ಯಾಲೆ ಹತ್ತು ವಿಂಡೋ ತಗದಿರಬಹುದು, ಕೀಬೋರ್ಡ್ ಮಾತ್ರ ಒಂದೇ. ನಾವು ಹೊಡ್ದ ಅಕ್ಷರ ಯಾವ ವಿಂಡೋಕ್ಕ ಹೋಗ್ಬೇಕು ಅನ್ನೋದಕ್ಕ ಫೋಕಸ್ ಅಂತಾರ. ಒಂದು ಹೊತ್ತಿಗೆ ಒಂದಕ್ಕೇ ಇರ್ತದ. ನಾವು ಇಲಿ ಒತ್ತಿ ಬದಲಿ ಮಾಡಿದ್ರ, ಇಲ್ಲಾ ಆಲ್ಟ್-ಟ್ಯಾಬ್ ಹೊಡ್ದು ಬದಲಿ ಮಾಡಿದ್ರ, ಅದು ನಮ್ಮ ಇಚ್ಛಾ. ನಾವು ಏನೂ ಮಾಡದೇ ಒಂದು ಅಪ್ಲಿಕೇಶನ್ ತಾನೇ ಮುಂದ ಬಂದು ಕೀಬೋರ್ಡ್ ಕಸಕೊಂಡ್ರ ಅದು ಕಳವು. ಇಷ್ಟೇ.

ಇಲ್ಲೊಂದು ಮಾತು ನಡು ಹೇಳಿ ಬಿಡ್ತೇನಿ. ಬರ್ಯೋ ಮುಂದ ಕರ್ಸರ್ ಅದೇ ವಿಂಡೋದೊಳಗ ಮ್ಯಾಲಿಂದ ಕೆಳಗ ಹಾರಿದ್ರ ಅದು ಬ್ಯಾರೆ. ಅಂಗೈ ಟಚ್‌ಪ್ಯಾಡಿಗೆ ತಾಗಿ ಆಗೋದು. ಟಚ್‌ಪ್ಯಾಡ್ ಸೆಟ್ಟಿಂಗಿನ್ಯಾಗ ಟೈಪ್ ಮಾಡೋ ಮುಂದ ಟಚ್‌ಪ್ಯಾಡ್ ಬಂದ್ ಇರ್ಲಿ ಅನ್ನೋ ಗುಂಡಿ ಇರ್ತದ, ಅದನ್ನ ಹಾಕಿದ್ರ ಮುಗೀತು. ಆ ತಪ್ಪನ್ನ ನಾ ಯಾವ ಅಪ್ಲಿಕೇಶನ್ ತಲಿಗೂ ಕಟ್ಟೋದಿಲ್ಲ. ನಾ ಹೇಳೋದು ಇಡೀ ವಿಂಡೋನೇ ಬದಲಿ ಆಗೋ ಸುದ್ದಿ.

ಈಗ "ಸ್ಕ್ರೀನ್ ನೋಡ್ಬೇಕಿತ್ತು" ಅನ್ನೋರಿಗೆ ಉತ್ತರ. ನಾವು ಯಾರೂ ಟೈಪಿಂಗ್ ಕ್ಲಾಸಿಗೆ ಹೋದವರಲ್ಲ. ನಲವತ್ತು ದಾಟಿದ ಮ್ಯಾಲೆ ಒಂದೊಂದೇ ಅಕ್ಷರ ಹುಡುಕಿ ಕಲ್ತೀವಿ. ಅದ್ರಾಗ ಕನ್ನಡ. ಇಂಗ್ಲೀಷಿನವರಿಗೆ ಒಂದು ಅಕ್ಷರಕ್ಕ ಒಂದು ಕೀಲಿ. ನಾ ಹೊಡಿಯೋ ಕಗಪ ಕೀಲಿಮಣಿಯೊಳಗ ಒಂದು "ಕ್ಷ" ಬರೀಬೇಕಂದ್ರ ಕೆ, ಎಫ್, ಎಕ್ಸ್ ಅಂತ ಮೂರು ಕೀಲಿ ಬೇಕು. ಒಂದು ಒತ್ತಕ್ಷರ ತಪ್ಪಿದ್ರ ಅರ್ಥನೇ ಬ್ಯಾರೆ. ಹಿಂಗಿದ್ದಾಗ ಕಣ್ಣು ಕೀಲಿ ಮ್ಯಾಲೆ ಇರದೇ ಎಲ್ಲಿ ಇರ್ಬೇಕು? ಮ್ಯಾಲೆ ನೋಡ್ಲೇನು, ಕೆಳಗ ನೋಡ್ಲೇನು?

ಇನ್ನು ಕಣ್ಣೇ ಕಾಣಿಸದವರು ಇದ್ದಾರಲ್ರಿ, ಅವರೂ ಲಿನಕ್ಸ್ ಬಳಸ್ತಾರ. ಅವರ ಸಲುವಾಗಿ ಓರ್ಕಾ ಅನ್ನೋ ಪ್ರೋಗ್ರಾಂ ಅದ, ಸ್ಕ್ರೀನ್ ಮ್ಯಾಲೆ ಇದ್ದದ್ದನ್ನ ಓದಿ ಹೇಳ್ತದ. ಫೋಕಸ್ ಎಲ್ಲಿ ಇರ್ತದೋ ಅದು ಅಲ್ಲಿಂದು ಓದ್ತದ. ಓದಿ ಕೇಳ್ಕೋತ ಕೂತವರ ನಡು ಮತ್ತೊಂದು ವಿಂಡೋ ಜಿಗದು ಬಂದ್ರ ಕೇಳೋದು ಅರ್ಧಕ್ಕ ಕಡೀತದ, ಬ್ಯಾರೇನೋ ಓದ್ಲಿಕ್ಕೆ ಹತ್ತತದ. ಅವರಿಗೂ "ನೋಡ್ಕೊಂಡು ಕೂಡಬಾರ್ದೇನು" ಅಂತೀರೇನು? ನೋಡಿದ್ರ ತಪ್ಪಿಸ್ಕೋಬಹುದು ಅನ್ನೋದು ಸಮಾಧಾನ ಅಲ್ಲ. ಕರೀದೇ ಬರಬಾರದು, ಅದು ಮಾತು.

ಯಾಕ ಹಿಂಗ ಬರ್ತಾವ ಅಂತ ಕೇಳಿದೆ. ಹೇಳಿದ. ನಮ್ಮ ಲಿನಕ್ಸಿನ್ಯಾಗ ಸ್ಕ್ರೀನ್ ಮ್ಯಾಲೆ ವಿಂಡೋ ಮೂಡಿಸೋ ಹಳೇ ಪದ್ಧತಿಗೆ ಎಕ್ಸ್ ಅಂತ ಹೆಸರು. ಅಮೇರಿಕಾದ ಎಂಐಟಿ ಅನ್ನೋ ವಿದ್ಯಾಪೀಠದಾಗ 1984ಕ್ಕ ಹುಟ್ಟಿದ್ದು. ಅದರ ಹನ್ನೊಂದನೇ ಅವತಾರ 1987ಕ್ಕ ಬಂತು, ಎಷ್ಟೋ ಮಷೀನಿನ್ಯಾಗ ಇನ್ನೂ ಅದೇ ನಡದದ. ಅಂದ್ರ ಲಿನಕ್ಸಿಗಿಂತ ಹಿರೇದು, ಲಿನಕ್ಸ್ ಬಂದದ್ದು 1991ಕ್ಕ. ಆ ಎಕ್ಸಿನ್ಯಾಗ ಯಾವ ಪ್ರೋಗ್ರಾಂ ಬೇಕಾದ್ರೂ "ಫೋಕಸ್ ನನಗ ಕೊಡು" ಅನ್ನಬಹುದು, ಕೇಳದೇ ತಗೋಳೋ ದಾರೀನೂ ಅದ. ಎಲ್ಲಾ ಪ್ರೋಗ್ರಾಂಗಳೂ ಮರ್ಯಾದಸ್ಥರು ಅಂತ ನಂಬಿ ಕಟ್ಟಿದ ಮನಿ. ಬಾಗಲಾ ಅದ, ಅಗಳಿ ಇಲ್ಲ.

ಆ ಮನ್ಯಾಗ ಯಾರು ಮುಂದ ಕೂಡ್ಬೇಕು, ಯಾರು ಹಿಂದ ಕೂಡ್ಬೇಕು ಅಂತ ನೋಡ್ಲಿಕ್ಕೆ ಒಬ್ಬ ಹಿರ್ಯಾಳು ಇರ್ತದ, ವಿಂಡೋ ಮ್ಯಾನೇಜರ್ ಅಂತ. ಈ ಕಳವು ಹೆಚ್ಚಾದ ಮ್ಯಾಲೆ ಡೆಸ್ಕ್‌ಟಾಪ್ ಮಾಡೋ ಮಂದಿ ಫ್ರೀಡೆಸ್ಕ್‌ಟಾಪ್ ಅನ್ನೋ ಕೂಟದಾಗ ಕೂಡಿ ಕೆಲವು ಕಟ್ಟಳಿ ಬರದಿಟ್ರು. ಅದ್ರಾಗ ಒಂದು ಭಾಳ ಶಾಣ್ಯಾತನದ್ದು. ಪ್ರತಿಯೊಂದು ವಿಂಡೋನೂ "ಬಳಸೋರು ನನ್ನನ್ನ ಕೊನೀಗೆ ಮುಟ್ಟಿದ ಹೊತ್ತು ಇಷ್ಟು" ಅಂತ ಚೀಟಿ ಬರದು ಇಟ್ಕೋಬೇಕು. ಹೊಸಾದಾಗಿ ತಗಿಯೋ ವಿಂಡೋನೂ "ನನ್ನನ್ನ ಕರದ ಹೊತ್ತು ಇಷ್ಟು" ಅಂತ ಚೀಟಿ ತರಬೇಕು. ಹಿರ್ಯಾಳು ಎರಡೂ ಚೀಟಿ ನೋಡ್ತದ. ನಾ ಚಾಟ್ ಒತ್ತಿದ್ದು ಮೂರು ಗಂಟಿಗೆ, ಅದು ಬಂದದ್ದು ಅರ್ಧಾ ನಿಮಿಷ ಬಿಟ್ಟು, ಆ ಅರ್ಧಾ ನಿಮಿಷದಾಗ ನಾ ಮೇಲಿನ್ಯಾಗ ಬರೀಲಿಕ್ಕೆ ಹತ್ತೀನಿ. ಅಂದ್ರ ಈಕಿ ಈಗ ಬ್ಯಾರೆ ಕೆಲಸದಾಗ ಇದ್ದಾಳ, ನೀ ಹಿಂದ ಕೂಡು, ಕೆಳಗ ಪಟ್ಟಿಯೊಳಗ ಹೆಸರು ಮಿಣುಕ್ಸು, ಆಕಿ ನೋಡಿದಾಗ ಬರೋವಂತಿ. ಎಷ್ಟು ಛಂದ ಅದ ನೋಡ್ರಿ ಕಟ್ಟಳಿ. ನನ್ನ ಅವ್ವನ ಸುದ್ದಿ ಗುಂಪಿಗೆ ಹೋಗ್ತಿರ್ಲಿಲ್ಲ.

ಹಂಗಾದ್ರ ಯಾಕ ಹೋತು? ಒಂದು, ಎಲ್ಲಾ ಅಪ್ಲಿಕೇಶನ್ನುಗಳು ಆ ಚೀಟಿ ತರೋದಿಲ್ಲ. ಚೀಟಿ ಇಲ್ಲದೇ ಬಂದವರನ್ನ "ಇರ್ಲಿ, ಪಾಪ" ಅಂತ ಒಳಗ ಬಿಟ್ಟು ಬಿಡ್ತಾರ. ಎರಡು, ಕಾವಲು ಇದ್ದ ಕಡೇನೂ ಅದನ್ನ ಬಂದ್ ಇಟ್ಟೋ, ಸಡ್ಲ ಮಾಡಿನೋ ಕೊಡ್ತಾರ. ನಮ್ಮ ಮನಿ ಮಷೀನಿನ್ಯಾಗ ಆ ಗುಂಡಿ ಇತ್ತು. ಬಂದ್ ಇತ್ತು. ಎರಡು ವರ್ಷ ನನಗ ಅಂಥಾ ಗುಂಡಿ ಅದ ಅಂತನೇ ಗೊತ್ತಿರ್ಲಿಲ್ಲ.

ನನ್ನ ಸಿಟ್ಟು ಇಲ್ಲೇ ಬರೋದು. ಔಷಧ ಇಲ್ಲದ ರೋಗ ಆದ್ರ ಸುಮ್ನಿರ್ತಿದ್ದೆ. ಔಷಧ ಮಾಡ್ಯಾರ, ಮಾಡಿ ಅಟ್ಟದ ಮ್ಯಾಲೆ ಇಟ್ಟಾರ.

ಅಣ್ಣನ ಮಗ ಅವರ ಕಡಿಂದ ವಾದ ಮಾಡಿದ. ಅವನ ವಾದಾನೂ ಹೇಳ್ತೇನಿ, ಅನ್ಯಾಯ ಮಾಡಬಾರದು. ಅಂವ ಅಂದದ್ದು: "ಅತ್ತೀ, ಕಾವಲು ಭಾಳ ಬಿಗಿ ಮಾಡಿದ್ರ ಹೊಸಾ ವಿಂಡೋ ಎಲ್ಲಾ ಹಿಂದ ತಗೀತಾವ. ಮಂದಿ ಒತ್ತಿದ್ದು ಕಾಣಿಸ್ಲಿಲ್ಲ ಅಂತ ಮತ್ತ ಒತ್ತತಾರ, ಮತ್ತ ಒತ್ತತಾರ, ಹತ್ತು ಸಲ ತಗದು ಕೂಡ್ತದ. ಮೇಲಿನ್ಯಾಗ ಬಂದ ಲಿಂಕ್ ಒತ್ತಿದ್ರ ಬ್ರೌಸರ್ ಮುಂದ ಬರಬೇಕಲಾ? ಹಿಂದ ಕೂತ್ರ ಕೆಟ್ಟದ ಅಂತಾರ. ಅದಕ್ಕ ಸಡ್ಲ ಇಟ್ಟಿರ್ತಾರ."

ಮಾತು ಖರೇ ಅದ. ಲಿಂಕ್ ಒತ್ತಿ ನಾ ಕೈ ಕಟ್ಟಿ ಕೂತೇನಿ ಅಂದ್ರ ಬ್ರೌಸರ್ ಮುಂದ ಬರ್ಲಿ, ನಾನೇ ಕರದೇನಿ. ಅದು ಕಳವಲ್ಲ. ನಾ ಹೇಳೋದು, ಕರದ ಮ್ಯಾಲೆ ನಾ ಬ್ಯಾರೆ ಕೆಲಸಕ್ಕ ಕೈ ಹಾಕಿದ್ರ ಆ ಕರದದ್ದು ಅಲ್ಲಿಗೆ ಮುಗೀತು. ಮನಿಗೆ ಬರ್ರಿ ಅಂತ ನೀವೇ ಕರದಿರ್ತೀರಿ. ಅವರು ತಡಾ ಮಾಡಿ ಬರ್ತಾರ, ನೀವು ಒಗ್ಗರಣಿ ಹಾಕ್ಲಿಕ್ಕೆ ಹತ್ತಿರ್ತೀರಿ. ಬಂದವರು ಏನ್ ಮಾಡ್ತಾರ? ಪಡಸಾಲ್ಯಾಗ ಕೂತು "ಬಂದೇನ್ರಿ" ಅಂತಾರ. ಸೀದಾ ಅಡಿಗಿ ಮನಿಗೆ ನುಗ್ಗಿ ಕೈಯಾಗಿನ ಸೌಟು ಕಸಗೊಂಡ್ರ "ನೀವೇ ಕರದಿದ್ರೆಲ್ಲಾ" ಅಂದ್ರ ನಡೀತದೇನು? ಒಗ್ಗರಣಿ ಸುಟ್ಟದ್ದಕ್ಕ ಯಾರು ಹೊಣಿ?

ಇನ್ನು ಹಿಂದ ತಗದ್ರ ಗೊತ್ತಾಗೋದಿಲ್ಲ ಅನ್ನೋದು. ಗೊತ್ತಾಗೂ ಹಂಗ ಮಾಡ್ರೆಲಾ. ಗ್ನೋಮ್ ಅನ್ನೋ ಡೆಸ್ಕ್‌ಟಾಪಿನ್ಯಾಗ ಮ್ಯಾಲೆ ಒಂದು ಸಣ್ಣ ಸಂದೇಶ ಬರ್ತದ, ಇಂಥಾದ್ದು ತಯಾರದ ಅಂತ. ಬೇಕಾದ್ರ ಒತ್ತಬೇಕು, ಬ್ಯಾಡಾದ್ರ ಬಿಡಬೇಕು. ಬ್ಯಾರೆ ಕಡೆ ಕೆಳಗಿನ ಪಟ್ಟಿಯೊಳಗ ಹೆಸರು ಬಣ್ಣ ಬದಲಿಸ್ತದ. ಅಷ್ಟು ಸಾಕು. ತಪ್ಪಾಗೇ ಆಗ್ತದ ಅಂದ್ರ ಯಾವ ಕಡೆ ತಪ್ಪಿದ್ರ ನುಕ್ಸಾನ ಕಡಿಮಿ ಅಂತ ನೋಡ್ಬೇಕಲ್ರಿ. ವಿಂಡೋ ಹಿಂದ ಕೂತ್ರ ನನಗ ಹತ್ತು ಸೆಕೆಂಡ್ ಹೆಚ್ಚು ಹೋಗ್ತದ. ಮುಂದ ಬಂದು ಕೂತ್ರ ಮನಿ ಮಾತು ಬೀದಿಗೆ ಹೋಗ್ತದ. ಎರಡೂ ಒಂದೇ ತೂಕ ಅಲ್ಲ.

ಬರೇ ಚಾಟಿನ ಸುದ್ದಿ ಅಲ್ಲ ಇದು. ಬ್ಯಾಂಕಿನ ಪಾಸ್‌ವರ್ಡ್ ಹೊಡಿಯೋ ಮುಂದ ವಿಂಡೋ ಬದಲಿ ಆತು ಅನ್ಕೋರಿ. ಬ್ಯಾಂಕಿನ ಖಾನ್ಯಾಗ ಚುಕ್ಕಿ ಚುಕ್ಕಿ ಆಗಿ ಮುಚ್ಚಿ ಬರೋ ಅಕ್ಷರ, ಚಾಟಿನ ಖಾನ್ಯಾಗ ಖುಲ್ಲಾ ಬೀಳ್ತದ. ಪಾಸ್‌ವರ್ಡ್ ಆದ ಕೂಡ್ಲೆ ಎಲ್ಲಾರೂ ಹೊಡಿಯೋದು ಏನು? ಎಂಟರ್. ಮುಗೀತು.

ಹಂಗೇ ಈ "ಹೌದೋ ಅಲ್ಲೋ" ಅಂತ ಕೇಳೋ ಸಣ್ಣ ಡಬ್ಬಿಗಳು. ನಾವು ಬರೀಲಿಕ್ಕೆ ಹತ್ತಿರ್ತೇವಿ, ಡಬ್ಬಿ ಮ್ಯಾಲೆ ಬರ್ತದ, ನಾವು ಸಾಲು ಮುಗಿಸ್ಲಿಕ್ಕೆ ಹೊಡ್ದ ಎಂಟರ್ ಅದರ "ಹೌದು" ಗುಂಡಿಗೆ ಹೋಗಿ ಬೀಳ್ತದ. ಡಬ್ಬಿ ಮಾಯ. ಏನು ಕೇಳಿತ್ತು, ನಾವು ಏನು ಒಪ್ಪಿದ್ವಿ, ದೇವರಿಗೇ ಗೊತ್ತು. ಇದನ್ನ ತಡೀಲಿಕ್ಕೆ ಬರ್ತದೋ ಇಲ್ಲೋ? ಬರ್ತದ. ಫೈರ್‌ಫಾಕ್ಸ್ ಬ್ರೌಸರ್ ನೋಡ್ರಿ. ಏನಾದ್ರೂ ಹೊಸಾದು ಕೂಡಿಸೋದಕ್ಕ, ಇಳಿಸ್ಕೊಳ್ಳೋದಕ್ಕ ಅಪ್ಪಣಿ ಕೇಳೋ ಮುಂದ ಅದರ ಗುಂಡಿ ಒಂದು ಸೆಕೆಂಡ್ ಹೊತ್ತು ಕೆಲಸ ಮಾಡೋದಿಲ್ಲ. ನಾ ಅದು ಮಷೀನ್ ಮಂದ ಆಗೇದಂತ ಬೈತಿದ್ದೆ. ಬೇಕಂತನೇ ಹಂಗ ಮಾಡ್ಯಾರಂತ. ಯಾರೋ ಬರ್ಕೋತ ಇದ್ದವರ ಎಂಟರ್ ಬಂದು ಬಿದ್ದು ಒಪ್ಪಿಗಿ ಆಗಬಾರದು ಅಂತ. ಒಂದೇ ಒಂದು ಸೆಕೆಂಡ್. ಇಷ್ಟು ಕಾಳಜಿ ಒಬ್ಬರಿಗೆ ಮಾಡ್ಲಿಕ್ಕೆ ಬಂದ್ರ ಉಳಿದವರಿಗೆ ಯಾಕ ಬರೋದಿಲ್ಲ?

"ಪುಕಟ ಕೊಟ್ಟವರಿಗೆ ಬೈಬಾರದು" ಅಂತ ನಮ್ಮನಿಯವರು ಅಂದ್ರು. ಲಿನಕ್ಸಿನ್ಯಾಗ ಭಾಳಷ್ಟು ಮಂದಿ ಪಗಾರ ಇಲ್ಲದೇ, ತಮ್ಮ ಹೊತ್ತು ಹಾಕಿ ಮಾಡ್ತಾರ ಅನ್ನೋದು ಖರೇ. ಅವರಿಗೆ ನನ್ನ ನಮಸ್ಕಾರ. ಆದ್ರ ದಾಸೋಹದಾಗ ಊಟಾನೂ ಪುಕಟನೇ. ಬಡಿಸೋರು ಕೈ ಮ್ಯಾಲೆ ಬಿಸಿ ಸಾರು ಸುರುವಿದ್ರ "ಯಪ್ಪಾ, ನೋಡ್ಕೊಂಡು ಬಡ್ಸೋ" ಅನ್ನೋದಿಲ್ಲೇನು? ಮತ್ತ ಮುಂದ ಬಂದು ಕೂಡೋ ಚಾಟು, ಮೀಟಿಂಗು, ಇವೆಲ್ಲಾ ದಾನಕ್ಕ ಮಾಡಿದವಲ್ಲ. ದೊಡ್ಡ ದೊಡ್ಡ ಕಂಪನಿಯವು. ನಮ್ಮ ಕಣ್ಣು ತಮ್ಮ ಮ್ಯಾಲೆ ಬೀಳ್ಲಿ ಅಂತನೇ ಹಾರಿ ಬರ್ತಾವ ಅಂತ ನನಗ ಗುಮಾನಿ. ನಾ ಅವರ ಹೆಸರು ಹೇಳೋದಿಲ್ಲ, ಒಬ್ಬರದಲ್ಲ ಈ ಚಾಳಿ.

ವಿಂಡೋಸಿನ್ಯಾಗ ಇದೆಲ್ಲಾ ಇರ್ಲಿಲ್ಲ ಅಂತ ಯಾರಾದ್ರೂ ಅಂದ್ರ ನಂಬಬ್ಯಾಡ್ರಿ. ಅಲ್ಲೂ ಇದೇ ರಗಳಿ ಇತ್ತು, ಅಲ್ಲೂ ತಡದಾರ, ಅದಕ್ಕೇ ಅಲ್ಲಿ ಕೆಳಗಿನ ಪಟ್ಟಿಯೊಳಗ ಹೆಸರು ಮಿಣಕೋದು. ಆದ್ದರಿಂದ ಲಿನಕ್ಸ್ ಬಿಟ್ಟು ಓಡ್ರಿ ಅಂತ ನಾ ಹೇಳ್ಲಿಕ್ಕೆ ಹತ್ತಿಲ್ಲ.

ಹೊಸಾ ಪದ್ಧತಿ ಬಂದದ, ವೇಲ್ಯಾಂಡ್ ಅಂತ. 2008ಕ್ಕ ಶುರು ಆದದ್ದು, ಈಗೀಗ ಭಾಳ ಕಡೆ ಎಕ್ಸ್ ಜಾಗಾಕ್ಕ ಅದೇ ಬರ್ಲಿಕ್ಕೆ ಹತ್ತದ. ಅಲ್ಲಿ ಒಂದು ಅಪ್ಲಿಕೇಶನ್ ತಾನಾಗಿ ಫೋಕಸ್ ಕಸಗೊಳ್ಳೋ ಹಂಗಿಲ್ಲ. ನಾವು ಒತ್ತಿದ್ದಕ್ಕ ಸಾಕ್ಷಿ ಅಂತ ಒಂದು ಟೋಕನ್ ತರಬೇಕು, ನಮ್ಮ ರೇಷನ್ ಅಂಗಡಿ ಟೋಕನ್ ಇದ್ದಂಗ. ಟೋಕನ್ ತಂದ್ರೂ ಒಳಗ ಬಿಡೋದು ಬಿಡದೇ ಇರೋದು ಹಿರ್ಯಾಳಿನ ಕೈಯಾಗ. ನನಗ ಭಾಳ ಸಮಾಧಾನ ಆತು ಕೇಳಿ. ಆದ್ರ ಅಲ್ಲೂ ಹಳೇ ಅಪ್ಲಿಕೇಶನ್ನುಗಳನ್ನ ಎಕ್ಸಿನ ವ್ಯಾಷದಾಗೇ ಓಡಿಸೋ ಏರ್ಪಾಡು ಅದ, ಹೊಸಾದಾಗಿ ತಗದ ವಿಂಡೋ ಮುಂದ ಬರಬೇಕೋ ಹಿಂದ ಕೂಡ್ಬೇಕೋ ಅನ್ನೋದು ಇನ್ನೂ ಆಯಾ ಡೆಸ್ಕ್‌ಟಾಪ್ ಮಾಡಿದವರ ಮನಸ್ಸಿಗೆ ಬಿಟ್ಟದ್ದು. ಅಂದ್ರ ಅಗಳಿ ಬಂತು, ಹಾಕೋದು ಬಿಡೋದು ಇನ್ನೂ ಅವರ ಕೈಯಾಗೇ ಅದ. ಅದಕ್ಕ ಅವರಿಗೆ ಈಗ ಹೇಳಬೇಕು.

ಏನು ಹೇಳಬೇಕು? ನನ್ನ ಕೇಳಿಕಿ ಮೂರೇ. ಒಂದು, ನಾ ಕೀಲಿ ಹೊಡೀಲಿಕ್ಕೆ ಹತ್ತಿದ್ದಾಗ ಯಾರೂ ಮುಂದ ಬರಬಾರದು, ಎಷ್ಟೇ ಅರ್ಜೆಂಟ್ ಇರ್ಲಿ. ಎರಡು, "ಹೌದೋ ಅಲ್ಲೋ" ಡಬ್ಬಿ ಬಂದ ಮ್ಯಾಲೆ ಒಂದು ಸೆಕೆಂಡ್ ತನಕ ನನ್ನ ಎಂಟರ್ ಅದಕ್ಕ ಹೋಗಬಾರದು. ಮೂರು, ಕಾವಲು ಮದ್ಲಿಂದ ಹಾಕೇ ಕೊಡಬೇಕು, ಬ್ಯಾಡಾದವರು ತಗೀಲಿ. ಗೊತ್ತಿದ್ದವರಿಗೆ ಗುಂಡಿ ಹುಡುಕಿ ಬಂದ್ ಮಾಡೋದು ಕಠಿಣ ಅಲ್ಲ. ಗೊತ್ತಿಲ್ಲದ ನಮ್ಮಂಥವರಿಗೆ ಅಂಥಾ ಗುಂಡಿ ಅದ ಅನ್ನೋದೇ ತಿಳಿಯೋದಿಲ್ಲ. ಹಂಗಿದ್ದ ಮ್ಯಾಲೆ ಹುಡುಕೋ ಕೆಲಸ ಯಾರ ಪಾಲಿಗೆ ಬರಬೇಕು?

ಅವರು ಮಾಡೋತನಕ ನಾವು ಕೈ ಕಟ್ಟಿ ಕೂಡೋದು ಬ್ಯಾಡ. ಇವತ್ತೇ ಮಾಡ್ಕೋರಿ.

ಲಿನಕ್ಸ್ ಮಿಂಟಿನ ಸಿನಮನ್ ಇದ್ದವರು ಸಿಸ್ಟಮ್ ಸೆಟ್ಟಿಂಗ್ಸ್ ತಗದು ವಿಂಡೋಸ್ ಅಂತ ಇರ್ತದ, ಅದನ್ನ ಒತ್ತರಿ. ಒಳಗ "ಪ್ರಿವೆಂಟ್ ಫೋಕಸ್ ಸ್ಟೀಲಿಂಗ್" ಅಂತ ಒಂದು ಗುಂಡಿ. ಅದನ್ನ ಹಾಕ್ರಿ. ಎಕ್ಸ್‌ಎಫ್‌ಸಿಇ ಇದ್ದವರು ವಿಂಡೋ ಮ್ಯಾನೇಜರ್ ಟ್ವೀಕ್ಸ್ ತಗದು ಫೋಕಸ್ ಅನ್ನೋ ಹಾಳಿಯೊಳಗ "ಆಕ್ಟಿವೇಟ್ ಫೋಕಸ್ ಸ್ಟೀಲಿಂಗ್ ಪ್ರಿವೆನ್ಶನ್" ಅನ್ನೋದಕ್ಕ ಗುರುತು ಹಾಕ್ರಿ. ಕೆಡಿಇ ಇದ್ದವರಿಗೆ ಗುಂಡಿ ಅಲ್ಲ, ಮೆಟ್ಟಲಾ. ವಿಂಡೋ ಬಿಹೇವಿಯರ್ ಒಳಗ ಫೋಕಸ್ ಹಾಳಿಯೊಳಗ ಐದು ಮೆಟ್ಟಲಾ ಅವ: ನನ್, ಲೋ, ಮೀಡಿಯಂ, ಹೈ, ಎಕ್ಸ್‌ಟ್ರೀಮ್. ಬರೋ ಮುಂದ ಲೋ ಮ್ಯಾಲೆ ಇರ್ತದ. ಮೀಡಿಯಂ ಇಲ್ಲಾ ಹೈ ಮಾಡ್ಕೋರಿ. ಎಕ್ಸ್‌ಟ್ರೀಮ್ ಬ್ಯಾಡ, ಅಣ್ಣನ ಮಗ ಹೇಳಿದ ರಗಳಿ ಅಲ್ಲಿ ಆಗ್ತದ, ಕರದದ್ದೂ ಹಿಂದ ಕೂಡ್ತದ.

ಇದನ್ನ ಹಾಕಿದ ಮ್ಯಾಲೆ ಒಮ್ಮೊಮ್ಮೆ ಒತ್ತಿದ್ದು ಬರ್ಲಿಲ್ಲ ಅನಸ್ತದ. ಮತ್ತ ಒತ್ತಬ್ಯಾಡ್ರಿ, ಕೆಳಗಿನ ಪಟ್ಟಿ ನೋಡ್ರಿ, ಅಲ್ಲೇ ಇರ್ತದ. ನಾಲ್ಕು ದಿನದಾಗ ರೂಢಿ ಆಗ್ತದ. ಮತ್ತ ಚೀಟಿ ಇಲ್ಲದೇ ಬರೋ ಕೆಲವು ಕಳ್ಳರು ಇದನ್ನೂ ದಾಟಿ ಬರಬಹುದು. ಅದಕ್ಕ ಮನಿ ಮಾತು ಬರ್ಯೋ ಮುಂದ ನಾ ಈಗ ಚಾಟ್ ಪೂರಾ ಬಂದ್ ಮಾಡಿ ಕೂಡ್ತೇನಿ. ಕೆಲವು ಚಾಟಿನ್ಯಾಗ ಎಂಟರ್ ಹೊಡ್ದ್ರ ಹೋಗಬಾರದು, ಬರೇ ಹೊಸಾ ಸಾಲು ಬರಬೇಕು ಅಂತ ಮಾಡ್ಲಿಕ್ಕೆ ಬರ್ತದ, ಇದ್ರ ಅದನ್ನೂ ಮಾಡ್ಕೋರಿ. ಇವೆಲ್ಲಾ ನಾವು ಮಾಡೋ ಜ್ವಾಕಿ. ಅವರ ತಪ್ಪಿಗೆ ನಾವು ಜ್ವಾಕಿ ಮಾಡ್ಕೋತೇವಿ, ಹಂಗಂತ ತಪ್ಪು ನಮ್ಮದಾಗೋದಿಲ್ಲ.

ಇಷ್ಟೆಲ್ಲಾ ಯಾಕ ಬರದೆ ಅಂದ್ರ, ಹೋದ ವಾರ ನಮ್ಮ ಮಗ್ಗಲಿನ ಮನಿಯವರು ಬಂದಿದ್ರು. "ನಾ ಕಂಪ್ಯೂಟರ್ ಬಿಟ್ಟೇನ್ರಿ, ನನ್ನ ಕೈ ನೆಟ್ಟಗಿಲ್ಲ, ಏನೋ ಬರೀಲಿಕ್ಕೆ ಹೋದ್ರ ಎಲ್ಲೋ ಹೋಗಿ ಬೀಳ್ತದ" ಅಂದ್ರು. ಎಷ್ಟು ಛಂದ ಹಾಡು ಬರೀತಿದ್ರು ಅವರು, ಒಂದು ವಹಿ ಆಗೋವಷ್ಟು ಹಾಡು ಅದ್ರಾಗ ಕೂಡಿಸಿದ್ರು. ಅವರ ಮನಿಗೆ ಹೋಗಿ ನೋಡಿದೆ. ಅದೇ ಗುಂಡಿ, ಬಂದ್ ಇತ್ತು. ಹಾಕಿ ಬಂದೆ. ಅವರ ಕೈ ನೆಟ್ಟಗೇ ಅದ. ನಿಮ್ಮ ಕೈನೂ ನೆಟ್ಟಗೇ ಅದ. ಹಿಂಗ ಸುಮ್ನ ತಮ್ಮನ್ನ ತಾವು ಬೈಕೊಂಡು ಎದ್ದು ಹೋದ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೋ ಏನೋ.

ಯಾರ ಮನ್ಯಾಗ ಲಿನಕ್ಸ್ ಅದನೋ, ಆ ಗುಂಡಿ ಹುಡುಕ್ಲಿಕ್ಕೆ ಬರ್ಲಿಲ್ಲ ಅಂದ್ರ ನನಗ ಹೇಳಿ ಕಳಸ್ರಿ. ಮಧ್ಯಾಹ್ನ ಮೂರರ ಮ್ಯಾಲೆ ಖಾಲಿ ಇರ್ತೇನಿ, ಬಂದು ಹಾಕಿ ಕೊಡ್ತೇನಿ. ಚಹಾ ಇಡ್ರಿ ಸಾಕು. ಮನ್ಯಾಗ ಸಾಫ್ಟ್‌ವೇರ್ ಕೆಲಸದ ಹುಡುಗುರು ಇದ್ದವರು ಇದನ್ನ ಅವರಿಗೆ ಓದಿ ಹೇಳ್ರಿ. ಅವರು ಮಾಡೋ ಅಪ್ಲಿಕೇಶನ್ ಹಿಂಗ ನುಗ್ಗತದೋ ಹೆಂಗ ಅಂತ ಊಟಕ್ಕ ಕೂತಾಗ ಕೇಳ್ರಿ. ಉತ್ತರ ಕೊಡೋತನಕ ಎರಡನೇ ಸಲ ಬಡಸಬ್ಯಾಡ್ರಿ.